ಫ್ರೂಮಾ ಮಾಂಸ ಬಿಟ್ಟದ್ದು

ಆ ಬೇಸಗೆಯಲ್ಲಿ ಫ್ರೂಮಾ ಮಾಂಸ ತಿನ್ನುವುದನ್ನು ಬಿಟ್ಟದ್ದು ಮೊದಮೊದಲು ಯಾರ ಗಮನಕ್ಕೂ ಬರಲಿಲ್ಲ. ಯೆರೂಸಲೇಮಿನ ದೇವಾಲಯ ಸುಟ್ಟುಹೋದ ದುಃಖಕ್ಕೆ ಬೇಸಗೆಯ ನಡುವೆ ಒಂಬತ್ತು ದಿನ ಯಾವ ಯೆಹೂದಿ ಮನೆಯ ಒಲೆಯ ಮೇಲೂ ಮಾಂಸ ಏರುವುದಿಲ್ಲ. ಬಾಸ್ಟನ್ನಿಗೆ ಉತ್ತರದ ಗಿರಣಿಯೂರು ಲೂಯಿಸ್ಟನ್ನಿನ ಯೆಹೂದಿಗಳೆಲ್ಲ ಆ ದಿನಗಳಲ್ಲಿ ಮೀನು, ಮೊಟ್ಟೆ, ಆಲೂಗಡ್ಡೆಯಲ್ಲೇ ಕಾಲ ಹಾಕಿದರು. ಕೊನೆಯ ದಿನದ ಉಪವಾಸ ಕಳೆದು ಮಾರನೆಯ ಮಧ್ಯಾಹ್ನವಾದ ಮೇಲೆ ಬೀದಿಯ ಮನೆಮನೆಯಿಂದಲೂ ಹುರಿದ ಈರುಳ್ಳಿ, ಕೋಳಿ ಕೊಬ್ಬಿನ ವಾಸನೆ ಎದ್ದಿತು. ಫ್ರೂಮಾಳ ಮನೆಯಲ್ಲೂ ಎದ್ದಿತು. ಅವಳೇ ಮಾಡಿದ್ದಳು, ಅವಳೇ ಬಡಿಸಿದಳು. ಬಡಿಸಿ ಕೂತ ಮೇಲೆ ತನ್ನ ತಟ್ಟೆಗೆ ಎರಡು ಬೇಯಿಸಿದ ಆಲೂಗಡ್ಡೆ ಹಾಕಿಕೊಂಡಳು.

"ಇದೇನಮ್ಮಾ, ಬರೀ ಆಲೂಗಡ್ಡೆ?" ಅಂದಳು ಮಗಳು ಹಿಂದಾ. ನದಿಯಾಚೆ ಆಬರ್ನಿನ ಚಪ್ಪಲಿ ಕಾರ್ಖಾನೆಯಲ್ಲಿ ದಿನವೆಲ್ಲ ಚರ್ಮ ಹೊಲಿದು ಬಂದು ಹಸಿದಿದ್ದಳು.

"ಹೊಟ್ಟೆ ಸರಿಯಿಲ್ಲ ಕಣೇ."

"ಅಮ್ಮ ಇನ್ನೂ ದೇವಾಲಯಕ್ಕೆ ಅಳ್ತಿದ್ದಾಳೆ," ಅಂದ ನೋಖಮ್. ಅವನು ಹಿಂದಾಳ ಅಣ್ಣ, ಪೀಠೋಪಕರಣದ ಅಂಗಡಿಯಲ್ಲಿ ಮಾರಾಟದ ಕೆಲಸ. "ಸುಟ್ಟು ಎರಡು ಸಾವಿರ ವರ್ಷ ಆಯ್ತಮ್ಮ. ಒಂದು ತೊಡೆ ತಿನ್ನು, ದೇವರು ಬೇಜಾರು ಮಾಡ್ಕೊಳಲ್ಲ."

ಹಿಂದಾ ನಕ್ಕಳು. ಮೇಜಿನ ತಲೆಯಲ್ಲಿ ಕೂತಿದ್ದ ಜೆಲಿಗ್ ನಗಲಿಲ್ಲ. ಹೆಂಡತಿಯ ತಟ್ಟೆಯನ್ನು ಒಮ್ಮೆ ನೋಡಿ, ಕಣ್ಣು ತಗ್ಗಿಸಿ, ತನ್ನ ಪಾಲಿನ ಕೋಳಿಯನ್ನು ಮೂಳೆ ಕಾಣುವವರೆಗೂ ತಿಂದ.

ಜೆಲಿಗ್ ಆ ಊರಿನ ಶೋಖೆಟ್. ಧರ್ಮದ ಕಟ್ಟಳೆಯ ಪ್ರಕಾರ ಹಕ್ಕಿ, ದನ ಕೊಯ್ದು ಕೊಡುವವನು. ಅವನ ಅಪ್ಪನೂ, ಅಪ್ಪನ ಅಪ್ಪನೂ ಕಡಲಾಚೆಯ ಹಳೆಯ ದೇಶದಲ್ಲಿ, ವಿಲ್ನಾದ ಕಡೆಯ ಒಂದು ಹಳ್ಳಿಯಲ್ಲಿ ಅದೇ ಕೆಲಸದಲ್ಲಿದ್ದವರು. ಚೂರಿಯ ಅಲಗಿನಲ್ಲಿ ಕೂದಲೆಳೆಯಷ್ಟು ಕಚ್ಚು ಇರಬಾರದು; ಕೊಯ್ಯುವಾಗ ಕೈ ಎಳೆದ ಎಳೆತ ನಡುವೆ ನಿಲ್ಲಬಾರದು, ನಡುಗಬಾರದು. ನಿಂತರೆ ಆ ಪ್ರಾಣಿ ಹೆಣಕ್ಕೆ ಸಮ, ಯೆಹೂದಿಯ ಬಾಯಿಗೆ ಬರುವಂತಿಲ್ಲ. ಆದರೆ ಆ ಎಳೆತ ಹೇಗಿತ್ತೆಂದು ಕಾಣುವವನು ಕೊಯ್ಯುವವನೊಬ್ಬನೇ. ಊರಿನವರೆಲ್ಲ ಅವನ ಬಾಯಿಮಾತನ್ನು ನಂಬಿ ಉಣ್ಣಬೇಕು. ಅದಕ್ಕೇ ಅವನಿಗೆ ಪ್ರಾರ್ಥನಾ ಮಂದಿರವಾದ ಸಿನಗಾಗಿನಲ್ಲಿ, ಮಾನ್ಯರು ಕೂರುವ ಪೂರ್ವದ ಗೋಡೆಯ ಬದಿಯಲ್ಲಿ ಆಸನ, ಸಿನಗಾಗಿನ ಹಿಂದೆಯೇ ಸಮಾಜದವರು ಕೊಟ್ಟ ಮನೆ, ಹಿತ್ತಿಲಲ್ಲಿ ಕೊಯ್ಯುವ ಶೆಡ್ಡು. ದೊಡ್ಡವರು ಚಿಕ್ಕವರು ಎಲ್ಲರೂ ಅವನನ್ನು ಮರ್ಯಾದೆಯಿಂದ "ರೆಬ್ ಜೆಲಿಗ್" ಎಂದೇ ಕರೆಯುತ್ತಿದ್ದರು.

ಗುರುವಾರಗಳಲ್ಲಿ ಹೆಂಗಸರು ಕಾಲು ಕಟ್ಟಿದ ಕೋಳಿಗಳನ್ನು ಹಿಡಿದು ಹಿತ್ತಿಲಿಗೆ ಬರುತ್ತಿದ್ದರು. ಜೆಲಿಗ್ ಶೆಡ್ಡಿನೊಳಗೆ ಕೊಯ್ದರೆ ಫ್ರೂಮಾ ಹೊರಗೆ ಬೆಂಚಿನ ಮೇಲೆ ಕೂತು ಪುಕ್ಕ ಕೀಳುವಳು. ಕೊಯ್ತ ಕೆಟ್ಟ ಹಕ್ಕಿಯಿದ್ದರೆ ಅದನ್ನು ಬೇಲಿಯಾಚೆಯ ಫ್ರೆಂಚ್ ಹೆಂಗಸು ತಿಬೊಡೋಗೆ ಕೊಟ್ಟುಬಿಡುವುದು ವಾಡಿಕೆ. ಅವಳಿಗೆ ಎಂಟು ಮಕ್ಕಳು, ಗಂಡ ಹತ್ತಿ ಗಿರಣಿಯಲ್ಲಿ. ವರ್ಷಕ್ಕೆ ನಾಲ್ಕೋ ಐದೋ ಹಕ್ಕಿ ಹಾಗೆ ಬೇಲಿ ದಾಟುತ್ತಿದ್ದವು. ಆ ವರ್ಷ ಮೇ ತಿಂಗಳಲ್ಲಿ ಪ್ರತಿ ಗುರುವಾರವೂ ದಾಟಿದವು. ಜೂನಿನಲ್ಲಿ ಇನ್ನೂ ಹೆಚ್ಚಾದವು. ಹೆಂಗಸರು ಗೊಣಗತೊಡಗಿದರು. ಮಾಂಸದಂಗಡಿಯ ಗೆದಾಲಿಯ ಶಾಪ್ನಿಕ್, ಸಮಾಜದ ಅಧ್ಯಕ್ಷನೂ ಅವನೇ, ಒಂದು ದಿನ ಹಿತ್ತಿಲಿಗೆ ಬಂದು, "ಏನು ರೆಬ್ ಜೆಲಿಗ್, ಫ್ರೆಂಚರಿಗೆ ಅನ್ನಸಂತರ್ಪಣೆ ಇಟ್ಟಿದ್ದೀರಂತೆ?" ಎಂದು ನಕ್ಕು ಹೋದ.

ಜುಲೈ ಬರುವ ಹೊತ್ತಿಗೆ ಒಂದು ಹಕ್ಕಿಯೂ ಬೇಲಿ ದಾಟದಾಯಿತು.

"ನಿಮ್ಮ ಯಜಮಾನರಿಗೆ ಈಗ ಎಲ್ಲಾ ಕೋಳಿನೂ ಸರಿಯಾಗೇ ಸಿಗ್ತಿವೆ ಅನ್ಸತ್ತೆ," ಎಂದಳು ತಿಬೊಡೋ, ಬಟ್ಟೆ ಒಣಹಾಕುತ್ತಾ. "ನಮ್ಮ ಅದೃಷ್ಟ ಮುಗೀತು."

ಫ್ರೂಮಾ ಅವತ್ತೇ ಶೆಡ್ಡಿನೊಳಗೆ ಹೋದಳು. ಜೆಲಿಗ್ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದ. ಎಡಗೈಯಲ್ಲಿ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿದ್ದ, ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸುವ ಹಾಗೆ. ಚೂರಿಯ ತುದಿ ಗಾಳಿಯಲ್ಲಿ ಸಣ್ಣಗೆ ಅದುರುತ್ತಿತ್ತು. ಪಕ್ಕದಲ್ಲಿ ಆಗಷ್ಟೇ ಕೊಯ್ದ ಹಕ್ಕಿ ನೇತಾಡುತ್ತಿತ್ತು. ಅದರ ಕುತ್ತಿಗೆಯ ಗಾಯದ ಅಂಚು ನೇರವಾಗಿರಲಿಲ್ಲ. ಅವನು ತಿರುಗಿ ನೋಡಿದ. ಇವಳೂ ನೋಡಿದಳು. ಅವನು ಏನಾದರೂ ಹೇಳುತ್ತಾನೆಂದು ಇವಳು ಕಾದಳು. ಅವನು ಆ ಹಕ್ಕಿಯನ್ನು ಕೊಕ್ಕೆಯಿಂದ ತೆಗೆದು ಇವಳ ಕೈಗೆ ಕೊಟ್ಟ.

"ಶಾಪ್ನಿಕ್ಕನ ಹೆಂಡತೀದು," ಅಂದ. "ಬೇಗ ಪುಕ್ಕ ಕಿತ್ತುಕೊಡು, ಕಾಯ್ತಿದ್ದಾಳೆ."

ಫ್ರೂಮಾ ಕಿತ್ತುಕೊಟ್ಟಳು. ಅಂದಿನಿಂದ ಅವಳಿಗೆ ಮಾಂಸ ಗಂಟಲಲ್ಲಿ ಇಳಿಯಲಿಲ್ಲ.

ಆಗಸ್ಟ್ ತಿಂಗಳೆಲ್ಲ ಹಾಗೇ ಕಳೆಯಿತು. ಅವಳು ತನಗೆಂದು ಬೇರೆ ಬಾಣಲೆ ಇಟ್ಟುಕೊಂಡು ಮೊಟ್ಟೆಯನ್ನೋ ಬಾರ್ಲಿಯನ್ನೋ ಬೇಯಿಸಿಕೊಳ್ಳುತ್ತಿದ್ದಳು. ಹಿಂದಾ ಡಾಕ್ಟರ ಹತ್ತಿರ ಹೋಗೋಣವೆಂದು ಜಗಳ ತೆಗೆದಳು. ಜೆಲಿಗ್ ಒಂದು ಸಲವೂ ಯಾಕೆಂದು ಕೇಳಲಿಲ್ಲ. ಕೇಳದಿರುವುದೇ ಅವನ ಉತ್ತರವೆಂದು ಫ್ರೂಮಾಳಿಗೆ ಅರ್ಥವಾಗಿತ್ತು. ತಾನು ತಿನ್ನದೆ ಕೂತರೆ ಸಾಕು, ಇವತ್ತಲ್ಲ ನಾಳೆ ಅವನೇ ತಡೆಯಲಾರದೆ ಬಾಯಿ ಬಿಡುತ್ತಾನೆಂದು ಅವಳು ಎಣಿಸಿದ್ದಳು. ಮೂವತ್ತೈದು ವರ್ಷ ಬಾಳಿದ ಗಂಡ, ಸುಳ್ಳು ಹೇಳಿದವನಲ್ಲ. ಅವನ ಗುಟ್ಟನ್ನು ಅವನ ಬಾಯಿಂದಲೇ ಕೇಳಬೇಕೇ ಹೊರತು ತಾನಾಗಿ ಎತ್ತಿ ಅವನ ಮಾನ ಕಳೆಯಬಾರದೆಂದು ಸುಮ್ಮನಿದ್ದಳು.

ಗುರುವಾರ ಬೆಳಿಗ್ಗೆ ಅವನು ಬಿಸಿನೀರಿನಲ್ಲಿ ಕೈ ನೆನೆಸಿಡುವುದನ್ನು ಕಂಡಳು. ಬೀರುವಿನ ಬ್ರಾಂಡಿ ಇಳಿಯುವುದನ್ನು ಕಂಡಳು. ಶುಕ್ರವಾರ ಸಂಜೆ ಪ್ರಾರ್ಥನೆಯ ದ್ರಾಕ್ಷಾರಸದ ಬಟ್ಟಲನ್ನು ಎತ್ತುವಾಗ ಅವನು, "ಅರ್ಧ ತುಂಬಿಸು ಸಾಕು," ಎಂದು ಹಿಂದಾಳಿಗೆ ಹೇಳಿ ಎರಡೂ ಕೈಯಲ್ಲಿ ಹಿಡಿಯುವುದನ್ನು ಕಂಡಳು.

ಅದೇ ತಿಂಗಳು ಮೂಲೆಮನೆಯ ಶೇಂಡಲ್ ಹೆತ್ತಳು. ಇಪ್ಪತ್ತೆರಡರ ಹುಡುಗಿ, ಪೋಲೆಂಡಿನಿಂದ ಬಂದು ಹೆಚ್ಚು ಕಾಲವಾಗಿರಲಿಲ್ಲ. ತಾಯಿ ಅಲ್ಲೇ ಉಳಿದಿದ್ದಳು. ಗಂಡ ಯೋಸಲ್ ಗಾಡಿಯಲ್ಲಿ ಪಾತ್ರೆಪಡಗ ಹೇರಿಕೊಂಡು ವಾರವೆಲ್ಲ ಹಳ್ಳಿಹಳ್ಳಿ ತಿರುಗುವವನು. ಹೆರಿಗೆ ಕಷ್ಟವಾಗಿ ಶೇಂಡಲ್ ಹಾಸಿಗೆ ಬಿಟ್ಟು ಏಳಲಾರದಾದಳು. ಡಾಕ್ಟರು ದಿನವೂ ಕೋಳಿ ಸಾರು ಕೊಡಿ ಎಂದಿದ್ದರು. ಬೀದಿಯಲ್ಲಿ ಬಾಣಂತಿಯರಿಗೆ ಸಾರು ಒಯ್ಯುವುದು ಯಾವತ್ತೂ ಫ್ರೂಮಾಳ ಪಾಲಿನ ಕೆಲಸ. ಅವಳು ಬಾರ್ಲಿ ಗಂಜಿ ಮಾಡಿಕೊಂಡು ಹೋದಳು.

ಶೇಂಡಲ್ ಎರಡು ಚಮಚ ಕುಡಿದು ಮುಖ ಹಿಂಡಿದಳು. "ಚಿಕ್ಕಮ್ಮ, ನಾನೇನು ದಾರಿಹೋಕಳಾ? ಎಲ್ಲರಿಗೂ ಕೋಳಿ ಸಾರು, ನನಗೆ ಮಾತ್ರ ಗಂಜಿ?"

"ಗಂಜಿಯಲ್ಲೂ ಶಕ್ತಿ ಇದೆ ಮಗಳೇ."

"ಕೋಳಿ ದುಬಾರಿ ಅಂತನಾ? ಯೋಸಲ್ ಮೊನ್ನೆ ಹಳ್ಳಿಯಿಂದ ಎರಡು ತಂದು ರೆಬ್ ಜೆಲಿಗ್ ಹತ್ರ ಕೊಯ್ಯಿಸಿ ಇಟ್ಟಿದ್ದಾನೆ. ಅಲ್ಲೇ ಮಂಜುಗಡ್ಡೆ ಪೆಟ್ಟಿಗೇಲಿದೆ. ನಂಗೆ ಎದ್ದು ಮಾಡ್ಕೊಳೋಕೆ ಆಗಲ್ಲ. ನಿಮ್ಮ ಕೈಯಲ್ಲೇ ಮಾಡ್ಕೊಡಿ. ನಮ್ಮಮ್ಮ ಇದ್ದಿದ್ದರೆ ಮಾಡ್ತಿರಲಿಲ್ವಾ?"

ಮಗು ಅಳತೊಡಗಿತು. ಶೇಂಡಲ್‌ಳ ಮುಖ ಗೋಡೆಯ ಸುಣ್ಣದ ಹಾಗಿತ್ತು. ಫ್ರೂಮಾ ಪೆಟ್ಟಿಗೆ ತೆರೆದು ಒಂದು ಕೋಳಿ ತೆಗೆದಳು, ನೀರಲ್ಲಿ ನೆನೆಸಿದಳು, ಉಪ್ಪು ಸವರಿ ನೆತ್ತರು ಇಳಿಸಿದಳು. ಯಾವ ಕಟ್ಟಳೆಯನ್ನೂ ಬಿಡದೆ ಸಾರು ಕಾಯಿಸಿ, ಹಾಸಿಗೆಯ ಅಂಚಿನಲ್ಲಿ ಕೂತು ಅವಳು ಕುಡಿಯುವುದನ್ನು ನೋಡಿದಳು.

"ಆಹಾ," ಎಂದಳು ಶೇಂಡಲ್. "ಇದು ಸಾರು. ನೀವೂ ಒಂದು ಬಟ್ಟಲು ಕುಡೀರಿ ಚಿಕ್ಕಮ್ಮ."

"ನಂದು ಊಟ ಆಯ್ತು."

ಮಾರನೆಯ ದಿನವೂ ಮಾಡಿಕೊಟ್ಟಳು. ಅದರ ಮಾರನೆಯ ದಿನವೂ. ಹುಡುಗಿಯ ಕೆನ್ನೆಗೆ ನಿಧಾನವಾಗಿ ಬಣ್ಣ ಬಂದಿತು.

ಸೆಪ್ಟೆಂಬರಿನಲ್ಲಿ, ಯೆಹೂದಿಗಳ ಹೊಸ ವರ್ಷದ ಹಬ್ಬ ಹತ್ತಿರವಾಗುತ್ತಿದ್ದ ಒಂದು ಶುಕ್ರವಾರದ ಸಂಜೆ ಮನೆಯೊಳಗೆ ಅದು ಸಿಡಿಯಿತು. ಮೇಣದಬತ್ತಿ ಹಚ್ಚಿ ಆಗಿತ್ತು. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಹೆಣೆದ ರೊಟ್ಟಿ, ಮೀನು, ಕೋಳಿ. ನೋಖಮ್ ಆ ವಸಂತದಿಂದ ಶನಿವಾರವೂ ಅಂಗಡಿಗೆ ಹೋಗುತ್ತಿದ್ದ. ಶನಿವಾರ ಶಬ್ಬತ್ತು, ದೇವರಿಗೆ ಮೀಸಲಾದ ವಿಶ್ರಾಂತಿಯ ದಿನ; ಬೆಂಕಿ ಮುಟ್ಟಬಾರದು, ದುಡ್ಡು ಮುಟ್ಟಬಾರದು. ಶೋಖೆಟ್ಟನ ಮಗ ಅಂಗಡಿಯಲ್ಲಿ ನಿಂತು ಮಂಚ ಮಾರುತ್ತಿದ್ದ. ಜೆಲಿಗ್ ಅದನ್ನು ಕಂಡೂ ಕಾಣದಂತೆ ಇದ್ದ. ಅವತ್ತು ನೋಖಮ್, ತನ್ನನ್ನು ಶನಿವಾರದ ಮಾರಾಟಕ್ಕೆಲ್ಲ ಮೇಲ್ವಿಚಾರಕ ಮಾಡಿದ್ದಾರೆಂದು ಹೇಳಿದ.

"ಸಂತೋಷ," ಎಂದ ಜೆಲಿಗ್. "ನಾಳೆ ಸಿನಗಾಗಿನಲ್ಲಿ ನಿನ್ನ ಮಗ ಎಲ್ಲಿ ಅಂತ ಕೇಳ್ತಾರೆ. ಏನ್ ಹೇಳ್ಲಿ?"

"ಕುರ್ಚಿ ಮಾರ್ತಿದ್ದಾನೆ ಅಂತ ಹೇಳಿ. ಅವರಿಗೂ ಗೊತ್ತು. ಅಲ್ಲಿರೋರಲ್ಲಿ ಅರ್ಧ ಜನ ನನ್ನ ಹತ್ರಾನೇ ಕುರ್ಚಿ ತಗೊಂಡಿದ್ದಾರೆ."

"ನಾಚಿಕೆ ಅನ್ನೋದು ಇದೆಯೇನೋ ನಿನಗೆ?"

"ಅಪ್ಪ, ಊಟ ಮಾಡೋಣ," ಎಂದಳು ಹಿಂದಾ.

"ನಮ್ಮ ಮನೆತನದಲ್ಲಿ ಯಾರೂ ಧರ್ಮಾನ ಮಾರ್ಕೊಂಡವರಿಲ್ಲ. ನೀನೇ ಮೊದಲು. ಯಾರಾದರೂ ಬಂದು ಕೇಳಿದರೆ ನಾನು ತಲೆ ಎಲ್ಲಿಡಲಿ?"

ನೋಖಮ್ ಚಮಚ ಕೆಳಗಿಟ್ಟ. "ನಾನು ಶಬ್ಬತ್ ಮುರಿಯೋದು ಹಾಡುಹಗಲಲ್ಲಿ ಅಪ್ಪ. ಗಾಜಿನ ಹಿಂದೆ ನಿಂತು, ಬೀದಿಯವರೆಲ್ಲ ನೋಡೋ ಹಾಗೆ. ನಾನು ಯಾರಿಗೂ ಮೋಸ ಮಾಡಿಲ್ಲ."

"ಮೋಸ? ಯಾರೋ ಮೋಸ ಮಾಡಿದ್ದು?"

"ಅಮ್ಮನ ತಟ್ಟೆ ನೋಡಿ."

ಎಲ್ಲರ ಕಣ್ಣೂ ಅಲ್ಲಿಗೆ ಹೋಯಿತು. ಫ್ರೂಮಾಳ ತಟ್ಟೆಯಲ್ಲಿ ಒಂದು ತುಂಡು ಮೀನು, ಒಂದು ತುಂಡು ರೊಟ್ಟಿ ಇತ್ತು.

"ಅಮ್ಮನಿಗೆ ಹುಷಾರಿಲ್ಲ," ಎಂದಳು ಹಿಂದಾ.

"ಅಮ್ಮ ಗುಂಡುಕಲ್ಲಿನ ಹಾಗಿದ್ದಾಳೆ. ದಿನವೆಲ್ಲ ನೀರು ಹೊರ್ತಾಳೆ, ಬಟ್ಟೆ ಹಿಂಡ್ತಾಳೆ. ಹೊಟ್ಟೆ ಕೆಡೋದು ಮಾಂಸದ ಹತ್ರ ಬಂದಾಗ ಮಾತ್ರ. ನಾನೇನು ಕುರುಡನಾ? ಅಪ್ಪ ಕಾಫಿ ಲೋಟ ಎತ್ತೋದು ನಾನು ನೋಡಲ್ವಾ?"

ಜೆಲಿಗ್ ಎದ್ದು ನಿಂತ. ಏಳುವಾಗ ಕೈ ತಗುಲಿ ಬಟ್ಟಲು ಉರುಳಿತು. ದ್ರಾಕ್ಷಾರಸ ಬಿಳಿ ಬಟ್ಟೆಯ ಮೇಲೆ ಹರಿದು ಅಂಚಿಗೆ ಬಂದು ತೊಟ್ಟಿಕ್ಕಿತು. ಅವನು ಮಗನನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದ.

"ನೀನು ಇವನಿಗೆ ಹೇಳಿದ್ಯಾ?"

"ನಾನು ಯಾರಿಗೂ ಏನೂ ಹೇಳಿಲ್ಲ," ಎಂದಳು ಫ್ರೂಮಾ.

ಹಿಂದಾ ತಾಯಿಯನ್ನು, ತಂದೆಯನ್ನು, ಮತ್ತೆ ತನ್ನ ತಟ್ಟೆಯನ್ನು ನೋಡಿದಳು. ಅದರಲ್ಲಿ ಅರ್ಧ ತಿಂದ ರೆಕ್ಕೆಯಿತ್ತು. "ಅಮ್ಮ, ನಾನು ತಿಂದೆನಲ್ಲ. ಬೇಸಗೆಯೆಲ್ಲಾ ತಿಂದೆ. ನೀನೇ ಬಡಿಸಿದೆ."

"ಕೊಯ್ದದ್ದು ನಿಮ್ಮಪ್ಪ. ಸರಿಯಾಗಿದೆ ಅಂದದ್ದು ನಿಮ್ಮಪ್ಪ. ನಾನು ಹೆಂಗಸು, ಅದನ್ನ ಹೇಗೆ ಅಲ್ಲ ಅನ್ನಲಿ?"

"ಆದ್ರೆ ನೀನು ತಿನ್ನಲಿಲ್ಲ!" ಎಂದು ಹಿಂದಾ ಕಿರುಚಿ ಅಡಿಗೆಮನೆಗೆ ಓಡಿದಳು. ಅಲ್ಲಿಂದ ಅವಳು ವಾಂತಿ ಮಾಡುವ ಸದ್ದು ಕೇಳಿತು.

ಜೆಲಿಗ್ ಮೆಲ್ಲನೆ ಮತ್ತೆ ಕೂತ. "ಯಾವಾಗಲೂ ಹಾಗಾಗಲ್ಲ," ಎಂದ, ಮೇಜಿಗೆ ಹೇಳುವ ಹಾಗೆ. "ಬೆಳಿಗ್ಗೆ ಹೊತ್ತು ಚೆನ್ನಾಗೇ ಇರತ್ತೆ. ಎಷ್ಟೋ ಹಕ್ಕಿ ಸರಿಯಾಗೇ ಆಗತ್ತೆ."

"ಆಗದೆ ಇದ್ದವು?" ಎಂದ ನೋಖಮ್.

"ಹಬ್ಬ ಕಳೀಲಿ. ಈಗ ಯಾರನ್ನ ಕರೆಸೋದು? ಹಬ್ಬದ ಹೊತ್ತಲ್ಲಿ ಯಾವ ಊರಿನವರು ತಮ್ಮ ಶೋಖೆಟ್ಟನ್ನ ಬಿಟ್ಟುಕೊಡ್ತಾರೆ? ಊರಿಗೆ ಊರೇ ಹಬ್ಬದ ದಿನ ಒಣ ರೊಟ್ಟಿ ತಿನ್ನಬೇಕಾ? ಹಬ್ಬ ಕಳೆದ ಮೇಲೆ ನಾನೇ ಶಾಪ್ನಿಕ್ಕನಿಗೆ ಹೇಳ್ತೀನಿ, ವಯಸ್ಸಾಯ್ತು, ಬೇರೆಯವರನ್ನ ನೋಡ್ಕೊಳಿ ಅಂತ. ಮರ್ಯಾದೆಯಾಗಿ."

"ರೊಟ್ಟಿ ತಿಂದರೆ ಯಾರೂ ಸಾಯಲ್ಲ ಇವರೇ," ಎಂದಳು ಫ್ರೂಮಾ.

"ಹೌದಾ? ಮನೆ ಬಿಟ್ಟು ಹೋಗೋದು ಎಲ್ಲಿಗೆ, ಅದನ್ನೂ ಹೇಳು. ಬೆಳಿಗ್ಗೆ ಎದ್ದು ನಾನು ಏನು ಮಾಡಲಿ, ಅದನ್ನೂ ಹೇಳು. ಇವನ ಅಂಗಡೀಲಿ ಕುರ್ಚಿ ಒರೆಸ್ಲಾ?"

ಫ್ರೂಮಾ ಉಪ್ಪು ತಂದು ಬಟ್ಟೆಯ ಮೇಲಿನ ಕೆಂಪು ಕಲೆಗೆ ಸುರಿದಳು.

ಅಂದಿನಿಂದ ಆ ಮನೆಯಲ್ಲಿ ಯಾರೂ ಮಾಂಸ ತಿನ್ನಲಿಲ್ಲ. ಹಿಂದಾ ತಾಯಿಯೊಡನೆ ಬೇಕಾದಷ್ಟೇ ಮಾತಾಡಿದಳು. ನೋಖಮ್ ಬೆಳಿಗ್ಗೆ ಬೇಗ ಹೋಗಿ ಸಂಜೆ ತಡವಾಗಿ ಬಂದ. ಜೆಲಿಗ್ ಬಾಯಿಗೆ ತನ್ನದೇ ಕೊಯ್ತದ ತುಂಡನ್ನು ಇಡಲಿಲ್ಲ. ಆದರೆ ಗುರುವಾರ ಬಂದರೆ ಹಿತ್ತಿಲಲ್ಲಿ ಹೆಂಗಸರ ಸಾಲು ನಿಲ್ಲುತ್ತಿತ್ತು, ಅವನು ಶೆಡ್ಡಿನ ಬಾಗಿಲು ತೆಗೆಯುತ್ತಿದ್ದ, ಫ್ರೂಮಾ ಬೆಂಚಿನ ಮೇಲೆ ಕೂತು ಪುಕ್ಕ ಕೀಳುತ್ತಿದ್ದಳು. ಹೊಸ ವರ್ಷ ಬಂದು ಹೋಯಿತು. ಬೀದಿಯವರು ಜೇನಲ್ಲಿ ಸೇಬು ಅದ್ದಿ ತಿಂದು, ಮೇಲೆ ಕೋಳಿ ಊಟ ಮಾಡಿ, ಒಬ್ಬರಿಗೊಬ್ಬರು ಒಳ್ಳೆಯ ವರ್ಷ ಹಾರೈಸಿದರು.

ಪಾಪಗಳಿಗೆ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್ ಉಪವಾಸದ ಹಿಂದಿನ ಬೆಳಿಗ್ಗೆ ವರ್ಷದಲ್ಲೇ ಹೆಚ್ಚು ಹಕ್ಕಿ ಕೊಯ್ಯುವ ದಿನ. ಮನೆಯ ಪ್ರತಿಯೊಬ್ಬರ ಪಾಪಕ್ಕೂ ಬದಲಾಗಿ ಒಂದು ಹಕ್ಕಿಯನ್ನು ತಲೆಯ ಸುತ್ತ ಮೂರು ಸಲ ನಿವಾಳಿಸಿ ಶೋಖೆಟ್ಟನ ಕೈಗೆ ಕೊಡಬೇಕು. ಬಿಸಿಲೇರುವ ಮೊದಲೇ ಹಿತ್ತಿಲು ತುಂಬಿತ್ತು. ಹುಂಜಗಳ ಕೂಗು, ಮಕ್ಕಳ ಅಳು, ಹಾರುವ ಪುಕ್ಕ. ತಿಬೊಡೋ ಮಕ್ಕಳು ಬೇಲಿ ಹತ್ತಿ ನೋಡುತ್ತಿದ್ದರು. ಶಾಪ್ನಿಕ್ ಬಾಗಿಲಲ್ಲಿ ನಿಂತು ಸಾಲು ನೋಡಿಕೊಳ್ಳುತ್ತಿದ್ದ.

ಶೇಂಡಲ್ ಮೊದಲ ಸಲ ಮನೆಯಿಂದ ಹೊರಗೆ ಬಂದಿದ್ದಳು. ಒಂದು ತೋಳಲ್ಲಿ ಮಗು, ಇನ್ನೊಂದರಲ್ಲಿ ಬಿಳಿ ಹೇಂಟೆ. ಹೇಂಟೆಯನ್ನು ಮಗುವಿನ ತಲೆಯ ಸುತ್ತ ನಿವಾಳಿಸಿ, "ಇದು ಸಾವಿಗೆ ಹೋಗಲಿ, ನೀನು ಬಾಳಿ ಬದುಕು," ಎಂದು ಮುತ್ತಿಟ್ಟು ಶೆಡ್ಡಿನೊಳಗೆ ಕೊಟ್ಟಳು. ಬಾಗಿಲ ಪಕ್ಕದ ಬೆಂಚಿನಿಂದ ಫ್ರೂಮಾಳಿಗೆ ಒಳಗೆಲ್ಲ ಕಾಣುತ್ತಿತ್ತು. ಜೆಲಿಗ್ ಹಕ್ಕಿಯ ಕತ್ತು ಹಿಂದಕ್ಕೆ ಬಾಗಿಸಿದ. ಚೂರಿ ಎತ್ತಿದ. ಅದು ಮೊದಲಿಗಿಂತಲೂ ಹೆಚ್ಚು ಅದುರುತ್ತಿತ್ತು. ಅವನು ತಡೆದ, ಉಸಿರೆಳೆದುಕೊಂಡ, ಮತ್ತೆ ಎತ್ತಿದ.

ಫ್ರೂಮಾ ಎದ್ದು ಒಳಗೆ ಹೋದಳು. ಮಡಿಲ ತುಂಬ ಇದ್ದ ಪುಕ್ಕ ನೆಲಕ್ಕೆ ಚೆಲ್ಲಿತು. ಎರಡೂ ಕೈ ಚಾಚಿದಳು.

"ಇದನ್ನ ಕೊಡಿ," ಎಂದಳು. "ಈ ಮಗೂದು ಬೇಡ."

ಜೆಲಿಗ್ ಅವಳನ್ನು ನೋಡಿದ. ಆಮೇಲೆ ಜೀವಂತ ಹೇಂಟೆಯನ್ನು ಅವಳ ಕೈಗೆ ಕೊಟ್ಟು, ಚೂರಿಯನ್ನು ಬಟ್ಟೆಯಲ್ಲಿ ಒರೆಸಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚಿ ಬಾಗಿಲಿಗೆ ಬಂದ.

"ಎಲ್ಲರೂ ಕ್ಷಮಿಸಬೇಕು," ಎಂದ. "ನನ್ನ ಕೈ ನಡುಗ್ತಿದೆ. ನಾನು ಕೊಯ್ಯೋ ಹಾಗಿಲ್ಲ."

ಹೆಂಗಸರು ಹಕ್ಕಿ ಹಿಡಿದೇ ಬಾಗಿಲ ಕಡೆ ನುಗ್ಗಿದರು.

"ಯಾವತ್ತಿಂದ?" ಎಂದ ಶಾಪ್ನಿಕ್. ಅವನ ದನಿ ಬದಲಾಗಿತ್ತು. "ರೆಬ್ ಜೆಲಿಗ್, ಯಾವತ್ತಿಂದ ಇದು?"

ಜೆಲಿಗ್ ತುಟಿ ಒದ್ದೆ ಮಾಡಿಕೊಂಡ. "ಇವತ್ತಿಂದ," ಎಂದ. "ಇವತ್ತು ಬೆಳಿಗ್ಗೆಯಿಂದ."

ಎಲ್ಲರ ಎದೆಯಿಂದ ಒಟ್ಟಿಗೇ ಉಸಿರು ಹೊರಟಿತು. ಪಾಪ, ವಯಸ್ಸು, ಎಂದರು ಹೆಂಗಸರು. ದೇವರು ಸರಿಯಾದ ಹೊತ್ತಿಗೆ ಕಾಪಾಡಿದ, ಎಂದರು. ಶಾಪ್ನಿಕ್ ಜೆಲಿಗ್‌ನ ಹೆಗಲ ಮೇಲೆ ಕೈಯಿಟ್ಟ. ಹಕ್ಕಿಗೆ ಬದಲು ಕಾಸನ್ನು ಕರವಸ್ತ್ರದಲ್ಲಿ ಕಟ್ಟಿ ನಿವಾಳಿಸಿದರೂ ನಡೆಯುತ್ತದೆ, ಎಂದು ಯಾರೋ ಹೇಳಿದರು. ಶೇಂಡಲ್ ಮಗುವನ್ನು ಹೊತ್ತು ಫ್ರೂಮಾಳ ಹತ್ತಿರ ಬಂದು ಅವಳ ಕೆನ್ನೆಗೆ ಕೆನ್ನೆ ಒತ್ತಿದಳು.

"ಚಿಕ್ಕಮ್ಮ, ನೀವು ನೋಡಿದ್ದಕ್ಕೆ ಉಳೀತು. ನನ್ನ ಮಗು ಹೆಸರಲ್ಲಿ ಕೆಟ್ಟ ಕೊಯ್ತ ಆಗಿಬಿಡ್ತಿತ್ತು. ನೀವು ನನ್ನ ತಾಯಿ, ಸ್ವಂತ ತಾಯಿ."

ಹೇಂಟೆಯ ಬೆಚ್ಚನೆಯ ಮೈ ಫ್ರೂಮಾಳ ಎದೆಗೆ ಒತ್ತಿ ಹೊಡೆದುಕೊಳ್ಳುತ್ತಿತ್ತು. ಸುಮ್ಮನಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಗಂಡನಿಗೆ ಮರ್ಯಾದೆ ಉಳಿಯುತ್ತಿತ್ತು, ಶೇಂಡಲ್ ಮುಂದೆಯೂ ತಾಯಿ ಎನ್ನುತ್ತಿದ್ದಳು. ಅವಳಿಗೆ ಅದು ಗೊತ್ತಿತ್ತು.

"ಇವತ್ತಲ್ಲ," ಎಂದಳು. ಯಾರಿಗೂ ಸರಿಯಾಗಿ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಹೇಳಿದಳು. "ಇವತ್ತಿಂದ ಅಲ್ಲ. ಬೇಸಗೆಯಿಂದ. ಜುಲೈ ತಿಂಗಳಿಂದ ನಾನು ಈ ಮನೇಲಿ ಮಾಂಸ ಮುಟ್ಟಿಲ್ಲ."

ಶಾಪ್ನಿಕ್‌ನ ಕೈ ಜೆಲಿಗ್‌ನ ಹೆಗಲಿನಿಂದ ಇಳಿಯಿತು. ಜೆಲಿಗ್ ಮನೆಯೊಳಗೆ ಹೋದ. ಶೇಂಡಲ್ ಹಿಂದಕ್ಕೆ ಸರಿದು ಫ್ರೂಮಾಳ ಮುಖವನ್ನೇ ನೋಡುತ್ತಾ ನಿಂತಳು. ಮಗುವಿನ ತಲೆಯನ್ನು ಹೆಗಲಿಗೆ ಒತ್ತಿಕೊಂಡು, ಹೇಂಟೆಯನ್ನು ಅವಳ ಕೈಯಲ್ಲೇ ಬಿಟ್ಟು ಹೊರಟುಹೋದಳು.

ಶಾಪ್ನಿಕ್ ಅಂಗಡಿಗೆ ಹೋಗಿ ಪೋರ್ಟ್‌ಲ್ಯಾಂಡಿನ ಧರ್ಮಗುರು ರಬ್ಬಿಗೆ ಟೆಲಿಫೋನ್ ಮಾಡಿದ. ಉತ್ತರ ಮಧ್ಯಾಹ್ನದೊಳಗೆ ಬೀದಿಯ ಎಲ್ಲ ಮನೆಗೂ ಮುಟ್ಟಿತು. ಇರುವ ಮಾಂಸವನ್ನೆಲ್ಲ ಎಸೆಯಬೇಕು. ಕಬ್ಬಿಣ, ತಾಮ್ರದ ಪಾತ್ರೆಗಳನ್ನು ಕುದಿವ ನೀರಲ್ಲಿ ಅದ್ದಿ ತೆಗೆಯಬೇಕು. ಮಣ್ಣಿನ, ಪಿಂಗಾಣಿಯ ಸಾಮಾನು ಒಡೆದುಹಾಕಬೇಕು. ಉಪವಾಸಕ್ಕೆ ಮುಂಚಿನ ಊಟಕ್ಕೆಂದು ಮಾಡಿಟ್ಟ ಸಾರೆಲ್ಲ ಚರಂಡಿಗೆ ಹೋಯಿತು. ಹಳೆಯ ದೇಶದಿಂದ ಹಾಸಿಗೆ ನಡುವೆ ಸುತ್ತಿ ತಂದ ತಟ್ಟೆಗಳನ್ನು ಹಿತ್ತಿಲಹಿತ್ತಿಲಲ್ಲಿ ಒಡೆಯುವ ಸದ್ದು ಸಂಜೆಯವರೆಗೂ ಕೇಳುತ್ತಿತ್ತು. ಜೆಲಿಗ್‌ನ ಜಾಗಕ್ಕೆ ಬಾಸ್ಟನ್ನಿನಿಂದ ಒಬ್ಬನನ್ನು ಕರೆಸುವುದೆಂದೂ, ಮುಂದಿನ ಹಬ್ಬ ಮುಗಿಯುವವರೆಗೆ ಅವರು ಮನೆಯಲ್ಲಿರಬಹುದೆಂದೂ ಶಾಪ್ನಿಕ್ ಹೇಳಿಕಳಿಸಿದ. ನೋಖಮ್ ನದಿಯಾಚೆ ಎರಡು ಕೋಣೆ ನೋಡುತ್ತೇನೆಂದ. ಹಿಂದಾ ಒಲೆಯ ಮುಂದೆ ನಿಂತು, ಯಾರೂ ಹೇಳದೆ, ಮನೆಯ ಪಾತ್ರೆಗಳನ್ನು ಒಂದೊಂದಾಗಿ ಕುದಿಸತೊಡಗಿದಳು.

ಯೋಮ್ ಕಿಪ್ಪುರಿಗೆ ಮುಂಚೆ ನೊಂದವರ ಬಳಿಗೆ ಹೋಗಿ ಕ್ಷಮೆ ಕೇಳಬೇಕು; ಮನುಷ್ಯರಿಗೆ ಮಾಡಿದ್ದನ್ನು ದೇವರು ಕ್ಷಮಿಸುವುದಿಲ್ಲ. ಫ್ರೂಮಾ ಶಾಲು ಹೊದ್ದು ಹೊರಟಳು.

ಶಾಪ್ನಿಕ್‌ನ ಹೆಂಡತಿ, "ದೇವರು ಕ್ಷಮಿಸಲಿ," ಎಂದು ಬಾಗಿಲು ಹಾಕಿಕೊಂಡಳು. ಪಕ್ಕದ ಮನೆಯಾಕೆ ಮಡಿಲಲ್ಲಿ ಒಡೆದ ಚೂರು ತುಂಬಿಕೊಂಡೇ ಬಂದು, "ಇದು ನಮ್ಮತ್ತೆ ಮದುವೇಲಿ ಕೊಟ್ಟದ್ದು. ಹೋಗಲಿ ಬಿಡು, ಕ್ಷಮಿಸಿದ್ದೀನಿ. ಹಬ್ಬದ ದಿನ ನನ್ನ ಹತ್ರ ಕೂರಬೇಡ," ಎಂದಳು. ಕೆಲವರು ತಬ್ಬಿ ಅತ್ತರು. ಕೆಲವರು ಒಳಗಿದ್ದೂ ಬಾಗಿಲು ತೆಗೆಯಲಿಲ್ಲ. ಮೂಲೆಮನೆಯನ್ನು ಅವಳು ಕೊನೆಗೆ ಇಟ್ಟುಕೊಂಡಿದ್ದಳು.

ಶೇಂಡಲ್ ಹೊಸ್ತಿಲಲ್ಲೇ ನಿಂತಳು, ಒಳಗೆ ಕರೆಯಲಿಲ್ಲ.

"ನಾನು ತಿಂದದ್ದಕ್ಕೆ ಕ್ಷಮಿಸ್ತೀನಿ," ಎಂದಳು. "ಗೊತ್ತಿಲ್ಲದೆ ತಿಂದದ್ದು, ಬಾಣಂತಿ ಬೇರೆ, ನನಗೆ ಪಾಪ ಇಲ್ಲ ಅಂತ ಯೋಸಲ್ ಹೇಳ್ದ. ಅದಕ್ಕೆ ಕ್ಷಮಿಸಿದ್ದೀನಿ. ಆದ್ರೆ ನೀವು ಹಾಸಿಗೆ ಮೇಲೆ ಕೂತು ನಾನು ಕುಡಿಯೋದು ನೋಡ್ತಿದ್ರಿ. ದಿನಾ ನೋಡ್ತಿದ್ರಿ. ಅದನ್ನ ಹೇಗೆ ಕ್ಷಮಿಸ್ಲಿ, ನೀವೇ ಹೇಳಿ."

ಒಳಗೆ ಮಗು ಎದ್ದಿತು. ಶೇಂಡಲ್ ಹೋದಳು.

ಮನೆಗೆ ಬಂದಾಗ ಜೆಲಿಗ್ ಬಿಳಿ ಅಂಗಿ ತೊಟ್ಟು ಸಿನಗಾಗಿಗೆ ಸಿದ್ಧನಾಗಿ ಕೂತಿದ್ದ.

"ಎಲ್ಲರ ಮನೆಗೂ ಹೋಗಿ ಬಂದೆಯಾ?"

"ಹೋಗಿ ಬಂದೆ."

"ನನ್ನ ಹತ್ರ ಬರಲಿಲ್ಲ."

"ನಿಮ್ಮ ಹತ್ರ ಏನು ಕೇಳಲಿ?"

"ಜುಲೈನಲ್ಲಿ ಶೆಡ್ಡಿಗೆ ಬಂದೆಯಲ್ಲ," ಎಂದ. "ಅವತ್ತು ಒಂದು ಮಾತು ಅಂದಿದ್ರೆ ಸಾಕಿತ್ತು ಫ್ರೂಮಾ. ಅವತ್ತೇ ನಿಲ್ಲಿಸ್ತಿದ್ದೆ. ನೀನು ಹೇಳ್ತೀಯ ಅಂತ ದಿನಾ ಕಾದೆ."

"ನಾನೂ ಕಾದೆ ಇವರೇ," ಎಂದಳು ಅವಳು. "ನೀವು ಕೇಳ್ತೀರ ಅಂತ."

ಅವನು ತಲೆಯಾಡಿಸಿದ. ಹೊರಗೆ ನೋಖಮ್ ಕಾಯುತ್ತಿದ್ದ. ಶನಿವಾರಗಳಲ್ಲಿ ಸಿನಗಾಗಿನ ಕಡೆ ತಲೆಹಾಕದ ಮಗ ಅವತ್ತು ಅಪ್ಪನ ತೋಳು ಹಿಡಿದು ನಡೆಸಿಕೊಂಡು ಹೋದ.

ಸಿನಗಾಗಿನಲ್ಲಿ ಹೆಂಗಸರು ಮೇಲಿನ ಮಾಳಿಗೆಯಲ್ಲಿ ಕೂರುತ್ತಾರೆ. ಅವರಲ್ಲಿ ಬಹಳ ಜನಕ್ಕೆ ಹೀಬ್ರೂ ಓದಲು ಬಾರದು. ಫ್ರೂಮಾಳಿಗೆ ಅವಳ ಅಪ್ಪ ಕಲಿಸಿದ್ದ. ಊರಿಗೆ ಬಂದ ವರ್ಷದಿಂದ ಅವಳೇ ಗಟ್ಟಿಯಾಗಿ ಒಂದೊಂದು ಸಾಲು ಓದುವವಳು. ಉಳಿದವರು ಅವಳ ಹಿಂದೆ ಹೇಳಿ, ಅವಳು ಅತ್ತಲ್ಲಿ ತಾವೂ ಅತ್ತು, ಎದೆ ಬಡಿದುಕೊಳ್ಳುವರು. ಮಾರನೆಯ ದಿನ, ಉಪವಾಸದ ಮಧ್ಯಾಹ್ನ, ಪಾಪ ಒಪ್ಪಿಕೊಳ್ಳುವ ಪ್ರಾರ್ಥನೆಯ ಹೊತ್ತು ಬಂದಿತು. ಅವಳ ಬೆಂಚಿನಲ್ಲಿ ಅವಳ ಹೊರತು ಯಾರೂ ಕೂತಿರಲಿಲ್ಲ. ಹಿಂದಾ ಎರಡು ಸಾಲು ಹಿಂದೆ ಕೂತಿದ್ದಳು. ಕೆಳಗೆ ಪೂರ್ವದ ಗೋಡೆಯ ಬಳಿ ಜೆಲಿಗ್‌ನ ಆಸನದಲ್ಲಿ ಯಾರೂ ಇರಲಿಲ್ಲ. ಅವನು ಬಾಗಿಲ ಹತ್ತಿರ ಮಗನ ಪಕ್ಕ ನಿಂತಿದ್ದ.

ಫ್ರೂಮಾಳ ಬೆಂಚಿನ ತುದಿಗೆ ಮುದುಕಿ ಗ್ನೇಷಾ ಮಾತ್ರ ಬಂದು ಕೂತಳು. ತೊಂಬತ್ತರ ಹತ್ತಿರದ ವಯಸ್ಸು, ಕಿವಿ ಮುಕ್ಕಾಲು ಹೋಗಿತ್ತು. ಬೀದಿಯಲ್ಲಿ ಏನಾಗಿದೆಯೆಂದು ಅವಳಿಗೆ ಯಾರೂ ಕೂಗಿ ಹೇಳಿರಲಿಲ್ಲ.

ಫ್ರೂಮಾ ಎದ್ದು ನಿಂತು ಓದಿದಳು. "ನಾವು ತಪ್ಪು ಮಾಡಿದೆವು."

ಯಾರೂ ಹಿಂದೆ ಹೇಳಲಿಲ್ಲ. ಹೆಂಗಸರು ತಮ್ಮತಮ್ಮ ಪುಸ್ತಕ ನೋಡುತ್ತಾ ಕೂತರು, ಓದಲು ಬಾರದವರೂ. ಅವರ ನಡುವೆ ಶೇಂಡಲ್ ಮಗುವಿನ ಟೊಪ್ಪಿಗೆಯ ದಾರ ಕಟ್ಟುತ್ತಿದ್ದಳು. ಫ್ರೂಮಾಳಿಗೆ ಪುಸ್ತಕ ಮುಚ್ಚಿ ಕೂತುಬಿಡಬೇಕೆನಿಸಿತು.

ಗ್ನೇಷಾ ಅವಳ ತೋಳನ್ನು ತಿವಿದ‌ಳು. "ಜೋರಾಗಿ ಹೇಳು ತಾಯಿ, ನಂಗೆ ಕೇಳಿಸಲ್ಲ," ಎಂದು ಇಡೀ ಮಾಳಿಗೆಗೆ ಕೇಳುವಂತೆ ಅಂದಳು. ಹಾಗೆಂದು ಫ್ರೂಮಾಳ ತುಟಿಯನ್ನೇ ನೋಡುತ್ತಾ ಕಾದಳು.

ಫ್ರೂಮಾ ದನಿಯೆತ್ತಿ ಮೊದಲಿನಿಂದ ಓದಿದಳು. ಮುದುಕಿ ಒಡಕು ದನಿಯಲ್ಲಿ, ಅರ್ಧ ತಪ್ಪಾಗಿ, ಅವಳ ಹಿಂದೆ ಹೇಳಿ ಎದೆಗೆ ಮುಷ್ಟಿ ಬಡಿದುಕೊಂಡಳು. ಇನ್ನಾರೂ ಸೇರಲಿಲ್ಲ. ತಪ್ಪು ಮಾಡಿದೆವು, ದ್ರೋಹ ಮಾಡಿದೆವು, ಕಂಡೂ ಸುಮ್ಮನಿದ್ದೆವು, ಎಂದು ಇಬ್ಬರೇ ಆ ಮಾಳಿಗೆಯಲ್ಲಿ ಕೊನೆಯ ಸಾಲಿನವರೆಗೂ ಹೇಳಿದರು.